ಕೆಳಹೊಲದ ನೀರು

ಹೊಲಿಗೆ ಅಂಗಡಿ
ಜುಲೈ 3

ತಮ್ಮನಿಗೆ,

ಆಶೀರ್ವಾದಗಳು. ಇವು ಯೋಗ್ಯತೆ ನೋಡದೆ ಕೊಡುವ ಬಗೆಯವು, ಆದ್ದರಿಂದ ಸಂಕೋಚಪಡದೆ ತೆಗೆದುಕೊ.

ಒಂದೂವರೆ ವರ್ಷದ ಮೇಲೆ ಅಕ್ಕನ ಪತ್ರ ಬಂತೆಂದು ಹೆದರಬೇಡ. ಯಾರೂ ಸತ್ತಿಲ್ಲ. ನಿನ್ನ ಭಾವನಿಗೆ ಮಂಡಿ ನೋವು. ಅದರಿಂದ ಅವರಿಗೆ ಅಪಾಯವಿಲ್ಲವಂತೆ. ದಿನವಿಡೀ ಅದರ ವರ್ಣನೆ ಕೇಳುವ ನನ್ನ ಬಗ್ಗೆ ಡಾಕ್ಟರು ಏನೂ ಹೇಳಲಿಲ್ಲ. ಫೋನ್ ಯಾಕೆ ಮಾಡಲಿಲ್ಲವೆಂದರೆ, ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ಜಗಳಕ್ಕೆ ಬೀಳುತ್ತೇವೆ. ಪತ್ರದಲ್ಲಿ ಜಗಳವಾಡಲು ಅಂಚೆ ಚೀಟಿ ಅಂಟಿಸಬೇಕು. ಅಂಟು ಒಣಗುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ.

ಈಗ ವಿಷಯ. ಇದರ ಜೊತೆಗಿರುವ ಪೊಟ್ಟಣದಲ್ಲಿ ನಮ್ಮ ಜೀರುಂಡೆ ಇದೆ. ಅಂದರೆ ನೀರಿನ ಮಟ್ಟ ಅಳೆಯುವ ಟೇಪು. ತುದಿಯ ಹಿತ್ತಾಳೆ ಗುಂಡು ನೀರಿಗೆ ತಾಗಿದರೆ ಮೇಲಿನ ಸುರುಳಿಯಲ್ಲಿ ಗುಂಯ್ ಎನ್ನುತ್ತದೆ, ಅದಕ್ಕೇ ಆ ಹೆಸರು. ಪ್ರತಿ ತಿಂಗಳ ಒಂದನೇ ತಾರೀಖು ಊರಿನ ಪಂಪುಗಳೆಲ್ಲ ಬಾಯಿ ಮುಚ್ಚಿರುವಾಗ, ಶಾಲೆಯ ಪಕ್ಕದ ಹಳೇ ಬೋರಿಗೆ ಇದನ್ನು ಇಳಿಬಿಟ್ಟು ನೆಲದಿಂದ ನೀರಿಗೆ ಎಷ್ಟು ಮೀಟರು ಎಂದು ನೋಡಿ ಮೇಷ್ಟ್ರಿಗೆ ಹೇಳುತ್ತೇನೆ. ಅವರು ಶಾಲೆಯ ಗೋಡೆಯ ಬೋರ್ಡಿನ ಮೇಲೆ ಬರೆಯುತ್ತಾರೆ. ಈ ಲೆಕ್ಕದಲ್ಲಿ ಸಂಖ್ಯೆ ದೊಡ್ಡದಾದರೆ ಅಳಬೇಕು, ಸಣ್ಣದಾದರೆ ನಗಬೇಕು. ಸೊಂಟದ ಅಳತೆಯ ಹಾಗೆಯೇ. ಊರಿನವರು ಈ ಕೆಲಸವನ್ನು ನನಗೆ ಕೊಟ್ಟಿದ್ದೂ ಅದಕ್ಕೇ. ಊರಿನ ಸೊಂಟಗಳ ಗುಟ್ಟು ಇಪ್ಪತ್ತು ವರ್ಷ ಕಾಪಾಡಿದವಳು ನೀರಿನ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ ಅಂತ.

ನೀನು ಹೋದ ಮೇಲೂ ಊರಿನ ನೀರಿನ ಒಪ್ಪಂದ ಹಾಗೇ ನಿಂತಿದೆ. ಹದಿನಾಲ್ಕು ಮನೆಯವರೂ ಹೊಸ ಬೋರು ಕೊರೆಸಿಲ್ಲ, ಬೇಸಿಗೆಯಲ್ಲಿ ಈರುಳ್ಳಿ ಹಾಕಿಲ್ಲ, ಬೋರಿನ ಪಕ್ಕ ಮಳೆನೀರು ಇಂಗುವ ಗುಂಡಿ ತೋಡಿದ್ದಾರೆ. ಒಪ್ಪಂದವಾದ ದಿನ ನೀನು ನಿನ್ನ ಬೋರು ಕೊರೆಯುವ ಲಾರಿ ಹತ್ತುತ್ತಾ, ತಮ್ಮನ ಅನ್ನದ ಮೇಲೆ ಟೇಪು ಇಟ್ಟವಳು ಅಂದೆ. ಅದು ನನಗೆ ನೆನಪಿಲ್ಲ ಎಂದು ತಿಳಿದುಕೊ. ಆದರೆ ಕೆಳಹೊಲದವಳ ಬೋರು ನಿನಗೆ ನೆನಪಿರಬೇಕು, ನೀನೇ ಕೊರೆದದ್ದು. ಊರಲ್ಲೇ ಗಿಡ್ಡ ಬೋರು. ನಮ್ಮ ಬೀದಿಯ ಎಂಟು ಮನೆಯ ಕುಡಿಯುವ ನೀರು ಈಗಲೂ ಅದರದ್ದೇ. ಈ ಜೂನಿನಲ್ಲಿ ಅದು ಎರಡು ವಾರ ಬರೀ ಗಾಳಿ ಕಕ್ಕಿತು. ಮಟ್ಟ ನಲವತ್ತಮೂರಿತ್ತು. ಇನ್ನೊಂದೆರಡು ಮೀಟರು ಇಳಿದರೆ ಅವಳ ಹೊಲವೂ ಹೋಯಿತು, ನಮ್ಮ ಕೊಡಗಳೂ ಬೋರಲು.

ಮೊನ್ನೆ ಜೀರುಂಡೆಯ ಗುಂಡು ಬೋರಿನೊಳಗೆ ಕಲ್ಲಿಗೆ ಸಿಕ್ಕಿಕೊಂಡು ತಂತಿ ತುಂಡಾಯಿತು. ಇಲ್ಲಿ ಯಾರಿಗೂ ರಿಪೇರಿ ಬಾರದು. ನಿನ್ನ ಭಾವ ತಾನು ನೋಡುತ್ತೇನೆಂದರು. ನಮ್ಮ ಗೋಡೆ ಗಡಿಯಾರವನ್ನೂ ಅವರು ಹಾಗೇ ನೋಡಿದ್ದರು, ಅದೀಗ ದಿನಕ್ಕೆ ಎರಡು ಸಲ ಮಾತ್ರ ಸರಿಯಾದ ಸಮಯ ತೋರಿಸುತ್ತದೆ. ನಿನ್ನ ಹತ್ತಿರ ಬೆಸುಗೆ ಸಾಮಾನಿದೆ. ಮಾಡಿಕೊಡುತ್ತೀಯಾ?

ಇತಿ,
ಅನ್ನದ ಮೇಲೆ ಟೇಪು ಇಟ್ಟವಳು (ನೆನಪಿಲ್ಲ ಅಂದೆನಲ್ಲ, ಸುಳ್ಳು),
ನಿನ್ನ ಅಕ್ಕ

*

ಲಾರಿ ಕ್ಯಾಬಿನ್ನು
ಜುಲೈ 21

ಅಕ್ಕಾ,

ಪೊಟ್ಟಣ ಬಂತು. ಮೊದಲು ತಿಂಡಿ ಕಳಿಸಿದ್ದೀಯೆಂದು ನಮ್ಮ ಹುಡುಗರೆಲ್ಲ ಸುತ್ತ ಕೂತರು. ಬಿಚ್ಚಿದರೆ ತಂತಿ. ಅಂದಿನಿಂದ ನಿನ್ನನ್ನು ಅವರು ಒಳ್ಳೆಯ ಹೆಸರಿನಿಂದ ಕರೆಯುತ್ತಿಲ್ಲ.

ಇದು ಐದನೇ ಊರು. ಮುನ್ನೂರು ಮೀಟರು ಕೊರೆದರೆ ಮುನ್ನೂರು ಮೀಟರಿನ ಧೂಳು ಬರುತ್ತದೆ. ಮಾಲೀಕರು ಧೂಳನ್ನು ಮುಷ್ಟಿಯಲ್ಲಿ ಹಿಡಿದು ಒದ್ದೆ ಇದೆಯಾ ಅಂತ ಹಿಂಡಿ ನೋಡುತ್ತಾರೆ. ಆಗ ಅವರ ಮುಖ ನೋಡಬಾರದು, ಎಂಜಿನ್ ನೋಡುತ್ತಾ ನಿಲ್ಲಬೇಕು. ನಿನ್ನ ತಮ್ಮ ಈಗ ಎಂಜಿನ್ ನೋಡುವುದರಲ್ಲಿ ಪಂಡಿತ.

ಜೀರುಂಡೆಗೆ ಹೊಸ ಗುಂಡು ಹಾಕಿದ್ದೇನೆ. ಒಂದು ಮೀಟರು ತಂತಿ ಬೋರಿನಲ್ಲೇ ಉಳಿದಿತ್ತಲ್ಲ, ಅಲ್ಲಿಗೆ ಹೊಸ ತಂತಿ ಬೆಸೆದು ಮೇಲೆ ಅದೇ ಬಣ್ಣದ ಕೊಳವೆ ತೊಡಿಸಿದ್ದೇನೆ. ಎತ್ತು ಕಟ್ಟಿ ಎಳೆದರೂ ಕೀಳುವುದಿಲ್ಲ. ಬೇಕಿದ್ದರೆ ಭಾವನನ್ನು ಕಟ್ಟಿ ನೋಡು.

ಕೆಳಹೊಲದ ಬೋರು ನೆನಪಿಲ್ಲದೆ ಏನು? ಒಂಬತ್ತು ವರ್ಷವಾಯಿತು. ನೀರು ಚಿಮ್ಮಿದಾಗ ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು. ಕೈತುಂಬಾ ಕೆಸರಿತ್ತು.

ಊರಲ್ಲಿ ನನ್ನ ವಿಷಯ ಯಾರಾದರೂ ಕೇಳುತ್ತಾರಾ? ಸುಮ್ಮನೆ ಕೇಳಿದೆ.

ನಿನ್ನ ತಮ್ಮ

*

ಹೊಲಿಗೆ ಅಂಗಡಿ
ಸೆಪ್ಟೆಂಬರ್ 4

ಮಹಾಶಯರಾದ ತಮ್ಮನವರಿಗೆ,

ತಮ್ಮ ಕೈಗುಣದ ಬಗ್ಗೆ ಊರಿನ ಪರವಾಗಿ ಅಭಿನಂದನಾ ಪತ್ರ ಬರೆಯುತ್ತಿದ್ದೇನೆ. ಸಮಯಾಭಾವದಿಂದ ಹಾರ ಲಗತ್ತಿಸಿಲ್ಲ.

ಆಗಸ್ಟ್ ಒಂದನೇ ತಾರೀಖು ನೀನು ರಿಪೇರಿ ಮಾಡಿದ ಜೀರುಂಡೆಯನ್ನು ಬಿಟ್ಟೆ. ಮೂವತ್ತೊಂಬತ್ತಕ್ಕೇ ಗುಂಯ್ ಎಂದಿತು. ಜೂನಿನಲ್ಲಿ ನಲವತ್ತಮೂರಿದ್ದದ್ದು. ಎರಡು ಸಲ ಮೇಲೆಳೆದು ಮತ್ತೆ ಬಿಟ್ಟೆ, ಅದೇ. ಮಳೆ ಬಂದರೆ ಒಂದು ಮೀಟರು ಏರುವುದು ವಾಡಿಕೆ, ನಾಲ್ಕು ಯಾರು ಕಂಡಿದ್ದಾರೆ? ಮೇಷ್ಟ್ರು ಸಂಭ್ರಮದಲ್ಲಿ ಗೀಚಿದ ಮೂವತ್ತೊಂಬತ್ತರ ಒಂಬತ್ತು ಸೊನ್ನೆಯ ಹಾಗೆ ಕಂಡಿತು. ಅದನ್ನು ನೋಡಿದ ಕೆಲವರಿಗೆ ಸಂತೋಷ ಇನ್ನೂ ಹೆಚ್ಚಾಯಿತು. ಮೊನ್ನೆ ಒಂದನೇ ತಾರೀಖು ಮೂವತ್ತೆಂಟು.

ಆವತ್ತಿನಿಂದ ಊರಿನಲ್ಲಿ ಗುಂಡಿಗಳಿಗೆ ಬಂದಿರುವ ಮರ್ಯಾದೆ ಮನುಷ್ಯರಿಗಿಲ್ಲ. ಗುಂಡಿ ತೋಡುವಾಗ 'ನನ್ನ ಸಮಾಧಿಗೆ ಅಳತೆ ತಗೊಂಡ್ಯಾ ಟೈಲರಮ್ಮ?' ಎಂದು ನನ್ನನ್ನು ಕೇಳಿದ್ದ ದೊಡ್ಡ ಹೊಲದ ಯಜಮಾನರು ಈಗ ಬಂದ ನೆಂಟರನ್ನು ಮೊದಲು ಗುಂಡಿಯ ಹತ್ತಿರ ಕರೆದುಕೊಂಡು ಹೋಗಿ ಆಮೇಲೆ ಮನೆಯೊಳಗೆ ಕೂರಿಸುತ್ತಾರೆ. ಕೆಳಹೊಲದವಳು ಹಳೇ ಸೀರೆಯ ಅಂಚು ಹರಿದು ತನ್ನ ಗುಂಡಿಯ ಸುತ್ತ ಬೇಲಿಗೆ ಕಟ್ಟಿದ್ದಾಳೆ, ಗುಂಡಿಗೆ ದೃಷ್ಟಿಯಾಗದಿರಲಿ ಅಂತ.

ಇನ್ನು ನಿನಗೊಂದು ಸುದ್ದಿ, ಕೂತು ಓದು. ಜನವರಿಯಲ್ಲಿ ಒಪ್ಪಂದಕ್ಕೆ ಎರಡು ವರ್ಷ ತುಂಬುತ್ತದೆ. ಆಗಲೂ ನೀರು ಮೂವತ್ತೊಂಬತ್ತು ಮೀಟರಿಗಿಂತ ಆಳಕ್ಕೆ ಇಳಿಯದಿದ್ದರೆ ಬೇಸಿಗೆ ಈರುಳ್ಳಿಗೆ ಒಪ್ಪಿಗೆ ಕೊಡೋಣ, ಎರಡು ಹೊಸ ಬೋರಿಗೂ ಅವಕಾಶ ಮಾಡೋಣ ಎಂದು ಸಭೆಯಲ್ಲಿ ಮಾತಾಯಿತು. ಕೊರೆಯುವುದಾದರೆ ನನ್ನ ತಮ್ಮನೇ ಕೊರೆಯಲಿ ಎಂದು ನಾನು ಎದ್ದು ನಿಂತು ಹೇಳಿದೆ. ಬೋರು ಬೇಡವೆಂದು ಎರಡು ವರ್ಷ ಕೂಗಿದ ಗಂಟಲೇ ಹಾಗಂದದ್ದು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಹೇಳಿದ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ.

ಮೇಲಿನ ಕೋಣೆಯಲ್ಲಿ ಬಟ್ಟೆಯ ಗಂಟುಗಳಿವೆ. ತೆಗೆಸುತ್ತೇನೆ.

ಇತಿ,
ಅಕ್ಕ

*

ಲಾರಿ ಕ್ಯಾಬಿನ್ನು
ಅಕ್ಟೋಬರ್ 28

ಅಕ್ಕಾ,

ತಡವಾಯಿತು. ಕೆಲಸ ಜಾಸ್ತಿ.

ಮಟ್ಟ ಏರಿದ್ದು ಓದಿದೆ. ಒಳ್ಳೆಯದು. ಬಟ್ಟೆ ಗಂಟು ತೆಗೆಸುವ ಅವಸರ ಬೇಡ.

ಟೇಪು ಸರಿಯಾಗಿ ಕೆಲಸ ಮಾಡುತ್ತಿದೆಯಾ? ಕೇಳಿದೆ ಅಷ್ಟೆ.

ಇಲ್ಲಿ ಚಳಿ ಶುರುವಾಗಿದೆ. ಭಾವನ ಮಂಡಿ ಹುಷಾರು.

ತಮ್ಮ

*

ಹೊಲಿಗೆ ಅಂಗಡಿ
ಡಿಸೆಂಬರ್ 12

ತಮ್ಮಾ,

ನಿನ್ನ ಪತ್ರವನ್ನು ಅಂಗಡಿಗೆ ಬಂದವರಿಗೆಲ್ಲ ತೋರಿಸಿದೆ. ಒಬ್ಬರು ತಂತಿ ಸಂದೇಶವೆಂದು ತಿಳಿದರು. ಇನ್ನೊಬ್ಬರು, ಲಕೋಟೆಯ ಮೇಲೆ ಬರೆದ ವಿಳಾಸ ಒಳಗಿನ ಪತ್ರಕ್ಕಿಂತ ಉದ್ದವಾಗಿದೆ ಎಂದರು. ನೀನು ಚಿಕ್ಕವನಿದ್ದಾಗ ಹೀಗೆ ಗಿಡ್ಡದಾಗಿ ಮಾತಾಡುತ್ತಿದ್ದದ್ದು ಏನಾದರೂ ಒಡೆದು ಹಾಕಿದ ದಿನ ಮಾತ್ರ. ಲಾರಿಯ ಭಾಗ ಏನಾದರೂ ಮುರಿಯಿತಾ?

ಟೇಪು ಬಂಗಾರದ ಹಾಗಿದೆ. ಇಲ್ಲಿ ಎಲ್ಲರೂ ಈರುಳ್ಳಿಯ ಸಸಿಮಡಿ ಹಾಕಿದ್ದಾರೆ. ಜನವರಿ ಹದಿನೈದಕ್ಕೆ ಸಭೆ. ಅದು ಬರೀ ಕೈಯೆತ್ತುವ ಶಾಸ್ತ್ರ. ಬೀಜ ಆಗಲೇ ಮೊಳೆತಿದೆ. ದೊಡ್ಡ ಹೊಲದ ಯಜಮಾನರು ಬೋರಿಗೆ ಜಾಗ ಗುರುತು ಮಾಡಿದ್ದಾರೆ, ಕೆಳಹೊಲದವಳ ಬೇಲಿಗೆ ಅಂಟಿದ ಮೂಲೆಯಲ್ಲಿ. ನನಗೆ ಸ್ವಲ್ಪ ಕಸಿವಿಸಿಯಾಯಿತು. ಆದರೆ ಬೋರ್ಡಿನ ಮೇಲೆ ಮೂವತ್ತೆಂಟೂಕಾಲು ಎಂದು ನನ್ನದೇ ಅಳತೆ ಕೂತಿರುವಾಗ ಯಾವ ಬಾಯಿಂದ ಬೇಡ ಅನ್ನಲಿ?

ಮೇಲಿನ ಕೋಣೆ ಖಾಲಿಯಾಗಿದೆ. ಕಿಟಕಿಗೆ ಪರದೆ ಹೊಲಿದಿದ್ದೇನೆ. ಗಿರಾಕಿಗಳ ಬಟ್ಟೆ ಉಳಿಸಿ ಹೊಲಿದದ್ದಲ್ಲ, ಸ್ವಂತ ಬಟ್ಟೆ.

ಇತಿ,
ಅಕ್ಕ

*

ಹೊಲಿಗೆ ಅಂಗಡಿ
ಜನವರಿ 3

ತಮ್ಮಾ,

ಇದನ್ನು ತಮಾಷೆ ಮಾಡಿ ಬರೆಯಲು ಎರಡು ಸಲ ಪ್ರಯತ್ನಿಸಿ ಎರಡು ಹಾಳೆ ಹರಿದೆ.

ಮೊನ್ನೆ ಒಂದನೇ ತಾರೀಖಿನ ಅಳತೆ ಮೂವತ್ತೆಂಟೂವರೆ. ಒಪ್ಪಂದ ಮಾಡಿಕೊಂಡ ಮೊದಲ ಜನವರಿಯಲ್ಲಿ ನಲವತ್ತೂವರೆ ಇತ್ತು, ಹೋದ ಜನವರಿಯಲ್ಲಿ ನಲವತ್ತೊಂದು. ಮೇಷ್ಟ್ರು ಸಂಖ್ಯೆಯ ಸುತ್ತ ಬಣ್ಣದ ಸೀಮೆಸುಣ್ಣದಲ್ಲಿ ಬಳ್ಳಿ ಬರೆದರು. ನಾನು ಟೇಪು ಸುತ್ತಿಕೊಂಡು ಅಂಗಡಿಗೆ ಬಂದೆ. ಬಾಗಿಲಲ್ಲಿ ಕೆಳಹೊಲದವಳು ಕೂತಿದ್ದಳು. ಹೊಲಿಸುವುದಕ್ಕೇನೂ ತಂದಿರಲಿಲ್ಲ.

"ನಿನ್ನ ಬೋರ್ಡಲ್ಲಿ ನೀರಿದೆ ಕಣಮ್ಮಾ, ನನ್ನ ಪೈಪಲ್ಲಿಲ್ಲ" ಅಂದಳು.

ಹಿಂದಿನ ದಿನದಿಂದ ಅವಳ ಪಂಪು ಹತ್ತು ನಿಮಿಷ ನೀರು, ಆಮೇಲೆ ಗಾಳಿ. ಹೋದ ವರ್ಷವೂ ಇದೇ ವಾರ ಹೀಗೇ ಆಗಿತ್ತಂತೆ. ಹೋದ ವರ್ಷಕ್ಕಿಂತ ನೀರು ಎರಡೂವರೆ ಮೀಟರು ಮೇಲಿದ್ದರೆ ಅದೇ ವಾರಕ್ಕೇ ಗಾಳಿ ಯಾಕೆ ಬರಬೇಕು? ಪಂಪಿನ ದೋಷವಿರಬೇಕು ಅಂದೆ. ಅವಳು ನನ್ನ ಮೇಜಿನ ಮೇಲಿದ್ದ ಜೀರುಂಡೆಯನ್ನು ನೋಡುತ್ತಾ ಕೂತಳು.

ನಿನಗೆ ಗೊತ್ತು, ನಾನು ಬೆಳಿಗ್ಗೆ ಅಂಗಡಿ ತೆರೆದ ತಕ್ಷಣ ಮಾಡುವ ಮೊದಲ ಕೆಲಸ ಹೊಲಿಗೆ ಟೇಪನ್ನು ಕಬ್ಬಿಣದ ಮೀಟರು ಕಡ್ಡಿಗೆ ಹಿಡಿದು ನೋಡುವುದು. ಟೇಪು ಹಿಗ್ಗುತ್ತದೆ, ನಂಬಬಾರದು. ಇಪ್ಪತ್ತು ವರ್ಷದಲ್ಲಿ ಒಂದು ದಿನ ತಪ್ಪಿಸಿಲ್ಲ. ಆ ಜೀರುಂಡೆಯನ್ನು ಮಾತ್ರ ನಾನು ಕಡ್ಡಿಗೆ ಹಿಡಿದಿರಲಿಲ್ಲ. ಜುಲೈಯಲ್ಲಿ ಪೊಟ್ಟಣ ಬಿಚ್ಚಿದಾಗ ಕಡ್ಡಿ ಕೈಗೆ ತೆಗೆದುಕೊಂಡೆ, ವಾಪಸ್ ಇಟ್ಟೆ. ಒಂದೂವರೆ ವರ್ಷದ ಮೇಲೆ ತಮ್ಮ ಒಂದು ಕೆಲಸ ಮಾಡಿಕೊಟ್ಟಿದ್ದಾನೆ, ಅದನ್ನೂ ಅಳೆದು ನೋಡಿದರೆ ನಾನೆಂಥ ಅಕ್ಕ ಅಂತ.

ಅವಳ ಎದುರಿಗೇ ಬಿಚ್ಚಿ ಹಾಸಿದೆ. ಬುಡದ ಕಡೆಯ ಅಂಕಿಗಳು ನೀರಿಗೆ ತಾಗಿ ತಾಗಿ ಅಳಿಸಿವೆ, ಆದ್ದರಿಂದ ಮೇಲಿಂದ ಎಣಿಸುತ್ತಾ ಬಂದೆ. ಐದನೇ ಮೀಟರಿನ ಗುರುತು ಸಿಕ್ಕಿತು. ಅಲ್ಲಿಂದ ಗುಂಡಿನವರೆಗೆ ಐದು ಮೀಟರು ಇರಬೇಕು. ಎಂಟಿದೆ.

ಕಳೆದದ್ದು ಒಂದು ಮೀಟರು, ನೀನು ಬೆಸೆದದ್ದು ನಾಲ್ಕು. ಆಗಸ್ಟಿನಿಂದ ನಾನು ಹೇಳಿದ ಪ್ರತಿಯೊಂದು ಸಂಖ್ಯೆಯಲ್ಲಿ ಮೂರು ಮೀಟರು ಸುಳ್ಳು ನೀರಿದೆ. ನಿಜವಾದ ಮಟ್ಟ ನಲವತ್ತೊಂದೂವರೆ.

ಹದಿನೈದಕ್ಕೆ ಸಭೆ. ಹೇಳಿದರೆ ನಾಳೆಯಿಂದ ಯಾರೂ ಟೇಪನ್ನೂ ನಂಬುವುದಿಲ್ಲ, ಗುಂಡಿಯನ್ನೂ ನಂಬುವುದಿಲ್ಲ, ಒಪ್ಪಂದ ಮುರಿಯುತ್ತದೆ. ಹೇಳದಿದ್ದರೆ ಈರುಳ್ಳಿ ನೆಡುತ್ತಾರೆ, ಬೋರು ಕೊರೆಯುತ್ತಾರೆ. ಕೆಳಹೊಲದವಳ ನೀರು ಎರಡು ದಾರಿಯಲ್ಲೂ ಹೋಗುತ್ತದೆ. ಒಂದು ದಾರಿಯಲ್ಲಿ ನನ್ನ ಮಾನ ಉಳಿಯುತ್ತದೆ ಅಷ್ಟೆ.

ನಿನ್ನ ಅಕ್ಟೋಬರ್ ಪತ್ರವನ್ನು ಮತ್ತೆ ತೆಗೆದು ಓದಿದೆ. ಟೇಪು ಸರಿಯಾಗಿದೆಯಾ ಎಂದು ಕೇಳಿದ್ದೀಯ. ನಿನಗೆ ನಾನು ಕೇಳುವುದು ಒಂದೇ. ಮರೆತೆಯಾ, ನೆನಪಿತ್ತಾ?

ಅಕ್ಕ

*

ಲಾರಿ ಕ್ಯಾಬಿನ್ನು
ಜನವರಿ 9

ಅಕ್ಕಾ,

ಎರಡೂ.

ಜುಲೈಯಲ್ಲಿ ಮರೆತೆ. ಕೈಯಲ್ಲಿದ್ದ ತುಂಡು ನಾಲ್ಕು ಮೀಟರಿನದು. ಒಳ್ಳೆಯ ತಂತಿ, ಕತ್ತರಿಸಲು ಮನಸ್ಸಾಗಲಿಲ್ಲ. 'ಇನ್ನು ಮೇಲೆ ಅಳತೆಗೆ ಮೂರು ಕೂಡಿಸಿಕೊ' ಎಂದು ಚೀಟಿ ಬರೆದು ಪೊಟ್ಟಣದಲ್ಲಿಡಬೇಕು ಅಂದುಕೊಂಡೆ. ಅಷ್ಟರಲ್ಲಿ ಕೊರೆಯುವ ಕೊಳವೆ ಬಂಡೆಯಲ್ಲಿ ಕಚ್ಚಿಕೊಂಡಿತೆಂದು ಕೂಗಿದರು. ಓಡಿದೆ. ಸಂಜೆ ಯಾರೋ ಪೊಟ್ಟಣವನ್ನು ಅಂಚೆಗೆ ಹಾಕಿ ಬಂದಿದ್ದರು. ಪತ್ರ ಬರೆದಾಗಲೂ ನೆನಪಾಗಲಿಲ್ಲ. ಇಷ್ಟು ಸತ್ಯ.

ಸೆಪ್ಟೆಂಬರಿನಲ್ಲಿ ನಿನ್ನ ಪತ್ರದ ಮೊದಲ ಭಾಗ ಓದುವಾಗಲೇ ನೆನಪಾಯಿತು. ಹಾಳೆ ತೆಗೆದುಕೊಂಡು 'ಅಕ್ಕಾ, ತಪ್ಪಾಗಿದೆ' ಎಂದು ಬರೆದೂ ಬರೆದೆ. ಆಮೇಲೆ ಉಳಿದರ್ಧ ಓದಿದೆ. ಎರಡು ಬೋರು, ನನ್ನ ಹೆಸರು, ಮೇಲಿನ ಕೋಣೆ. ಆ ಹಾಳೆಯನ್ನು ಮಡಚಿ ಸೀಟಿನ ಕೆಳಗೆ ಇಟ್ಟೆ. ನಾಳೆ ಕಳಿಸೋಣ ಅಂದುಕೊಂಡೆ. ನಾಲ್ಕು ತಿಂಗಳು ದಿನಾ ನಾಳೆಯೇ ಆಯಿತು. ಅಕ್ಟೋಬರಿನಲ್ಲಿ ಹಾಗೆ ಕೇಳಿದ್ದು, ನೀನೇ ಕಡ್ಡಿ ಹಿಡಿದು ನೋಡಲಿ ಅಂತ. ನೀನು ಬಂಗಾರದ ಹಾಗಿದೆ ಎಂದು ಬರೆದೆ. ನಾನು ಮತ್ತೆ ಎಂಜಿನ್ ನೋಡಿದೆ.

ಇನ್ನೂ ಒಂದಿದೆ. ದೊಡ್ಡ ಹೊಲದ ಯಜಮಾನರು ಫೋನ್ ಮಾಡಿದ್ದರು. ಇಪ್ಪತ್ತನೇ ತಾರೀಖು ಲಾರಿ ತರುತ್ತೇನೆಂದು ಒಪ್ಪಿಬಿಟ್ಟಿದ್ದೇನೆ. ಹುಡುಗರಿಗೂ ಹೇಳಿದ್ದೇನೆ. ಅವರು ಊರು ಕಾಣದೆ ವರ್ಷವಾಯಿತು.

ಟೇಪಿನ ತಪ್ಪೆಂದು ಹೇಳು. ಬೆಸೆದವನ ಕೈತಪ್ಪೆಂದು ಬೇಕಾದರೂ ಹೇಳು. ನನಗೆ ಮೊದಲೇ ಗೊತ್ತಿತ್ತು ಅನ್ನುವುದೊಂದನ್ನು ಹೇಳಬೇಡ. ಕೇಳಿಕೊಳ್ಳುತ್ತೇನೆ.

ತಮ್ಮ

*

ಹೊಲಿಗೆ ಅಂಗಡಿ
ಜನವರಿ 16

ತಮ್ಮಾ,

ಹೇಳಿದೆ. ನೀನು ಹೇಳಬೇಡ ಎಂದದ್ದನ್ನು ಹೇಳಲಿಲ್ಲ. ಅದು ನಿನಗಾಗಿ ಅಲ್ಲ, ಬಾಯಿಗೆ ಬರಲಿಲ್ಲ.

ಸಭೆ ಶಾಲೆಯ ಕೋಣೆಯಲ್ಲಿ. ಊರಿನ ಹಿರಿಯರೆಲ್ಲ ಒಂದನೇ ತರಗತಿಯ ಬೆಂಚುಗಳಲ್ಲಿ ಮಂಡಿ ಗಲ್ಲಕ್ಕೆ ತಾಗುವಂತೆ ಕೂತಿದ್ದರು. ನಿನ್ನ ಭಾವ ಕೂರಲಾಗದೆ ಗೋಡೆಗೆ ಒರಗಿ ನಿಂತರು, ಶಿಕ್ಷೆಗೆ ನಿಲ್ಲಿಸಿದ ಹಾಗೆ. ನಾನು ಜೀರುಂಡೆ, ಮೀಟರು ಕಡ್ಡಿ ಎರಡನ್ನೂ ಮೇಜಿನ ಮೇಲಿಟ್ಟು, ಅಳತೆಗೆ ಮೊದಲು ಟೇಪು ನೋಡಬೇಕಾದದ್ದು ನನ್ನ ಕೆಲಸ, ನೋಡಲಿಲ್ಲ, ತಪ್ಪು ನನ್ನದು ಎಂದೆ. ಬೋರ್ಡಿನ ಐದಾರು ತಿಂಗಳ ಸಂಖ್ಯೆಗಳಿಗೆ ಮೂರು ಮೂರು ಕೂಡಿಸಿ ಓದಿ ಹೇಳಿದೆ.

ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಒಬ್ಬರು ನಕ್ಕರು. ಹಾಗಾದರೆ ಟೈಲರಮ್ಮ ಹೊಲಿದ ನನ್ನ ಅಂಗಿ ಬಿಗಿಯಾದದ್ದು ನಾನು ದಪ್ಪಗಾಗಿದ್ದಕ್ಕಲ್ಲ ಬಿಡಿ ಎಂದರು. ಎಲ್ಲರೂ ನಕ್ಕರು. ಇಪ್ಪತ್ತು ವರ್ಷ ಅಲ್ಲಿಗೆ ಮುಗಿಯಿತು.

ಆಮೇಲೆ ನಾನು ಮುಖ್ಯ ಮಾತನ್ನು ಹೇಳಲು ಹೋದೆ. ನೀರು ಏರಿಲ್ಲ ನಿಜ. ಆದರೆ ಒಪ್ಪಂದಕ್ಕೆ ಮೊದಲು ವರ್ಷಕ್ಕೆ ನಾಲ್ಕು ಮೀಟರು ಇಳಿಯುತ್ತಿತ್ತು. ಈಗ ವರ್ಷಕ್ಕೆ ಅರ್ಧ ಮೀಟರು ಮಾತ್ರ. ಓಡುತ್ತಿದ್ದದ್ದು ನಡೆಯುತ್ತಿದೆ, ಇನ್ನೆರಡು ವರ್ಷ ಬಿಟ್ಟರೆ ನಿಂತೀತು. ನನಗೆ ಇದು ಬಹಳ ದೊಡ್ಡ ವಿಷಯವಾಗಿ ಕಂಡಿತ್ತು. ಆದರೆ ಏರಿದೆ ಎಂದು ಐದು ತಿಂಗಳು ಕುಣಿದವರ ಮುಂದೆ, ಕಡಿಮೆ ಇಳಿದಿದೆ ಎಂದರೆ ಏನು ರುಚಿ? ಮದುವೆ ನಿಕ್ಕಿಯಾಯಿತು ಎಂದು ಹೇಳಿ ಆಮೇಲೆ, ಇಲ್ಲ, ಹುಡುಗ ಬೇಡ ಅಂದಿಲ್ಲ ಅಷ್ಟೆ ಎಂದ ಹಾಗಾಯಿತು.

ದೊಡ್ಡ ಹೊಲದ ಯಜಮಾನರು ಮೆತ್ತಗೆ ಮಾತಾಡಿದರು.

"ಆಗಲೂ ನಿನ್ನ ಟೇಪೇ ಹೇಳಿದ್ದು, ಈಗಲೂ ನಿನ್ನ ಟೇಪೇ ಹೇಳ್ತಿರೋದು. ಯಾವುದನ್ನ ನಂಬಲಿ? ನನ್ನ ಸಸಿ ಬೆಳೆದು ನಿಂತಿದೆ ತಾಯಿ, ಅದಂತೂ ಸುಳ್ಳು ಹೇಳಲ್ಲ."

ಮೇಷ್ಟ್ರು ಎದ್ದು ಬೋರ್ಡು ಒರೆಸಿದರು. ಬಣ್ಣದ ಬಳ್ಳಿಯನ್ನೂ. ತೀರ್ಮಾನ ಇಪ್ಪತ್ತನೇ ತಾರೀಖಿಗೆ ಹೋಗಿದೆ. ಅವತ್ತೇ ನಿನ್ನ ಲಾರಿ ಬರುವುದು. ಲಾರಿ ಬಂದು ನಿಂತ ಮೇಲೆ ತೀರ್ಮಾನ ಯಾವ ಕಡೆಗಿರುತ್ತದೆಂದು ಕೂಸಿಗೂ ಗೊತ್ತು.

ಸಭೆ ಮುಗಿದ ಮೇಲೆ ಕೆಳಹೊಲದವಳು ದಾರಿಯಲ್ಲಿ ನನ್ನ ಜೊತೆ ನಡೆದು ಬಂದಳು. ಸತ್ಯ ಹೇಳಿದ್ದಕ್ಕೆ ಹೊಗಳುತ್ತಾಳೆ ಅಂದುಕೊಂಡಿದ್ದೆ. ನಿನ್ನ ತಮ್ಮ ಬರ್ತಾನಂತಲ್ಲ, ಯಾವ ಮೂಲೆ ಅಂತ ಗೊತ್ತಾ ಅವನಿಗೆ, ಎಂದು ಕೇಳಿದಳು ಅಷ್ಟೆ.

ಬರಬೇಡ ಎಂದು ನಾನು ಬರೆಯುವುದಿಲ್ಲ. ನೀನು ಬರಲಿ ಎಂದು ಕೋಣೆ ಖಾಲಿ ಮಾಡಿಸಿದವಳು ನಾನೇ. ಯಾವ ಮೂಲೆ ಎಂದು ಡಿಸೆಂಬರಿನಲ್ಲೇ ಬರೆದಿದ್ದೇನೆ, ಅವಳ ಬೇಲಿಗೆ ಅಂಟಿದ್ದು.

ಅಕ್ಕ

*

ಹೊಲಿಗೆ ಅಂಗಡಿ
ಮಾರ್ಚ್ 2

ತಮ್ಮಾ,

ಆರು ವಾರವಾಯಿತು. ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ನಿನ್ನ ಭಾವ ದಿನಾ ಅಂಚೆಯವನನ್ನು ವಿಚಾರಿಸುತ್ತಾರೆ. ತಾನು ಕಾಯುತ್ತಿರುವುದು ಮಂಡಿಯ ಎಣ್ಣೆಗೆ ಎನ್ನುತ್ತಾರೆ.

ಆವತ್ತು ನೀನು ಲಾರಿಯನ್ನು ಶಾಲೆಯ ಮುಂದೆ ನಿಲ್ಲಿಸಿ ಒಳಗೆ ಬಂದದ್ದು, ಬೆಂಚಿನ ಮೇಲೆ ಕೂರದೆ ಬಾಗಿಲಲ್ಲೇ ನಿಂತು ಹೇಳಿದ್ದು, ಹೇಳಿ ತಿರುಗಿ ಹೋದದ್ದು, ಎಲ್ಲ ಸೇರಿ ಹಾಲು ಕಾಯುವಷ್ಟು ಹೊತ್ತೂ ಆಗಲಿಲ್ಲ. ತಂತಿ ಬೆಸೆದವನು ನಾನು, ಸೆಪ್ಟೆಂಬರಿನಿಂದ ನನಗೆ ಗೊತ್ತಿತ್ತು, ಊರಿಗೆ ಬರುವ ಆಸೆಗೆ ಸುಮ್ಮನಿದ್ದೆ, ಅಕ್ಕನ ತಪ್ಪಿಲ್ಲ ಅಂದೆ. ಯಜಮಾನರು ಅದೆಲ್ಲ ಆಗಿ ಹೋಯಿತು, ಬಂದಿದ್ದೀಯಲ್ಲ, ಕೊರಿ ಅಂದರು. ಆಗ ನೀನು ಹೇಳಿದ ಮಾತನ್ನು ಮೇಷ್ಟ್ರು ಈಗಲೂ ದಿನಕ್ಕೊಮ್ಮೆ ಹೇಳುತ್ತಾರೆ.

"ಕೊರೆದ್ರೆ ನೀರು ಸಿಗುತ್ತೆ ಯಜಮಾನ್ರೇ, ಗ್ಯಾರಂಟಿ. ಅವಳ ಬೋರು ಕೊರೆದವನು ನಾನೇ, ಬಂಡೆಯ ಬಿರುಕು ಯಾವ ಕಡೆ ಹೋಗುತ್ತೆ ಅಂತ ಕಂಡಿದೀನಿ. ಆ ಮೂಲೇಲಿ ಸಿಗೋದು ಅವಳ ನೀರೇ."

ನಾನು ಹೊರಗೆ ಬರುವಷ್ಟರಲ್ಲಿ ಲಾರಿ ತಿರುವು ದಾಟಿತ್ತು. ಕ್ಯಾಬಿನ್ನಿನಲ್ಲಿ ಹುಡುಗರು ಹಿಂದಕ್ಕೆ ತಿರುಗಿ ಊರನ್ನೇ ನೋಡುತ್ತಿದ್ದರು. ನೀನು ಮುಂದೆ ನೋಡುತ್ತಿದ್ದೆ. ಅನ್ನಕ್ಕೆ ಇಟ್ಟಿದ್ದೆ ಕಣೋ.

ನೀನು ಹೋದ ಮೇಲೆ ಆದದ್ದು ಕೇಳು. ನೀನು ಊರನ್ನು ಉಳಿಸಿದೆ ಎಂದು ಬರೆಯುವ ಆಸೆ ನನಗೂ ಇತ್ತು. ಒಂಬತ್ತು ಮನೆಯವರು ಈರುಳ್ಳಿ ನೆಡುವುದಿಲ್ಲ ಎಂದು ಕೈಯೆತ್ತಿದರು, ಸಸಿಗಳನ್ನು ದನಗಳಿಗೆ ಹಾಕಿದರು. ದನಗಳ ಬಾಯಿಯ ವಾಸನೆಗೆ ಎರಡು ದಿನ ಯಾರೂ ಹಾಲು ಮುಟ್ಟಲಿಲ್ಲ. ಐದು ಮನೆಯವರು ನೆಟ್ಟರು. ಯಜಮಾನರು ಬೇರೆ ಊರಿನ ಲಾರಿ ತರಿಸಿ ಫೆಬ್ರವರಿ ಎಂಟಕ್ಕೆ ಅದೇ ಮೂಲೆಯಲ್ಲಿ ಕೊರೆಸಿದರು. ನೀನು ಗ್ಯಾರಂಟಿ ಕೊಟ್ಟಿದ್ದೆಯಲ್ಲ. ಮಧ್ಯಾಹ್ನದ ಹೊತ್ತಿಗೆ ನೀರು ಚಿಮ್ಮಿತು. ನಿನ್ನ ಮಾತು ನಂಬಿದವರು ಊರಿನಲ್ಲಿ ಒಬ್ಬರಾದರೂ ಇದ್ದಾರೆ.

ಹದಿನಾಲ್ಕನೇ ದಿನಕ್ಕೆ ಕೆಳಹೊಲದವಳ ಬೋರು ಪೂರ್ತಿ ನಿಂತಿತು. ನಮ್ಮ ಬೀದಿಗೆ ಈಗ ಮೇಲಿನ ಬೀದಿಯಿಂದ ಕೊಡ ಹೊರಬೇಕು. ಅವಳು ತನ್ನ ತರಕಾರಿ ಸಾಲಿನಲ್ಲಿ ಅರ್ಧಕ್ಕೆ ಹೊತ್ತು ತಂದ ನೀರು ಹಾಕಿ ಉಳಿದರ್ಧವನ್ನು ಒಣಗಲು ಬಿಟ್ಟಿದ್ದಾಳೆ. ಯಾವ ಅರ್ಧವೆಂದು ಆರಿಸುವುದಕ್ಕೆ ಒಂದು ಪೂರ್ತಿ ದಿನ ಬೇಕಾಯಿತಂತೆ.

ನಿನ್ನೆ ಒಂದನೇ ತಾರೀಖು. ಈಗ ನಿಯಮ ಬದಲಾಗಿದೆ. ಟೇಪನ್ನು ಮೊದಲು ಎಲ್ಲರೆದುರು ಕಡ್ಡಿಗೆ ಹಿಡಿಯಬೇಕು, ಆಮೇಲೆ ಇಬ್ಬರು ನೋಡಿ ಓದಬೇಕು. ಇನ್ನೊಬ್ಬರಾಗಿ ಯಾರು ಬರುತ್ತಾರೆಂದು ನಾನೂ ಮೇಷ್ಟ್ರೂ ಕಾಯುತ್ತಾ ನಿಂತಿದ್ದೆವು. ದೊಡ್ಡ ಹೊಲದ ಯಜಮಾನರು ಬಂದರು. ಕರೆದಿರಲಿಲ್ಲ. ರಾತ್ರಿಯೆಲ್ಲ ಪಂಪು ನಿಲ್ಲಿಸಿದ್ದೇನೆ ಎಂದು ಯಾರೂ ಕೇಳದಿದ್ದರೂ ಹೇಳಿದರು. ಕನ್ನಡಕ ಒರೆಸಿಕೊಂಡು ಬೋರಿನ ಬಾಯಿಗೆ ಬಗ್ಗಿದರು.

ನಲವತ್ತಮೂರಕ್ಕೆ ಶಬ್ದ ಬಂತು. ಫೆಬ್ರವರಿಯಲ್ಲಿ ನಲವತ್ತೊಂದೂ ಮುಕ್ಕಾಲು ಇತ್ತು. ಆ ತಿಂಗಳಿನಲ್ಲಿ ಕಾಲು ಮೀಟರು ಇಳಿಯುವುದು ವಾಡಿಕೆ, ಇಳಿದದ್ದು ಒಂದೂಕಾಲು. ಮೇಷ್ಟ್ರು ಬರೆದರು. ಯಜಮಾನರು ಆ ಸಂಖ್ಯೆಯನ್ನೂ ಅದರ ಮೇಲಿನದನ್ನೂ ಬೆರಳಿಟ್ಟು ನೋಡಿದರು. ಆಮೇಲೆ ನನ್ನ ಕಡೆ ತಿರುಗದೆ, ಗೋಡೆಯನ್ನೇ ಕೇಳುವ ಹಾಗೆ ಕೇಳಿದರು.

"ಇದರಲ್ಲಿ ನಂದೆಷ್ಟು?"

ನನ್ನ ಟೇಪು ಆಳ ಹೇಳುತ್ತದೆ, ಯಾರದೆಂದು ಹೇಳುವುದಿಲ್ಲ. ಈರುಳ್ಳಿ ನೆಟ್ಟ ಆ ಐದು ಮನೆಗಳಿಗೂ ಈ ಪ್ರಶ್ನೆಗೆ ಉತ್ತರ ಬೇಕಾಗಿದೆ, ಬೇಕೆಂದು ಅವರಿಗೆ ಇನ್ನೂ ಗೊತ್ತಿಲ್ಲ ಅಷ್ಟೆ. ನೆಲದೊಳಗಿನ ಬಿರುಕುಗಳನ್ನು ಕಂಡವರು ಊರಿನಲ್ಲಿ ಯಾರೂ ಇಲ್ಲ, ನಿನ್ನನ್ನು ಬಿಟ್ಟರೆ. ನೀನು ಇಲ್ಲಿ ಕೊರೆದ ಮೂವತ್ತೊಂದು ಬೋರುಗಳಲ್ಲಿ ಯಾವುದರ ನೀರು ಯಾವುದಕ್ಕೆ ಹೋಗುತ್ತದೆಂದು ನಿನ್ನ ತಲೆಯಲ್ಲಿದೆ.

ಹೊಗಳಿಕೆಗೆ ಕರೆಯುತ್ತಿಲ್ಲ. ನಿನ್ನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ, ಈ ಸಲ ಎಷ್ಟು ಮೀಟರಿದೆಯೆಂದು ನಾನು ಅಳೆದೂ ನೋಡಿಲ್ಲ. ಲಾರಿಯನ್ನು ಎಲ್ಲಿಯಾದರೂ ನಿಲ್ಲಿಸಿ ಬಸ್ಸಿನಲ್ಲಿ ಬಾ. ಯಜಮಾನರು ಬರುವ ಒಂದನೇ ತಾರೀಖಿಗೆ ಮತ್ತೆ ಬರುತ್ತೇನೆ ಎಂದಿದ್ದಾರೆ, ಕೇಳಿದ್ದನ್ನೇ ಕೇಳುತ್ತಾರೆ. ಆಗ ಅವರ ಮುಖ ನೋಡಿ ಉತ್ತರ ಹೇಳುವವರು ಒಬ್ಬರು ಬೇಕು.

ಇತಿ,
ಅಕ್ಕ